ಅಂಬಾಸಿಡರ್ ಬಾನೆಟ್ಟಿನ ಕೆಳಗೆ: ಹಳೆಯ ಬಿಎಂಸಿ, ಇಸುಜು ಪೆಟ್ರೋಲ್, ಇಸುಜು ಡೀಸೆಲ್

ಬೆಳಗಾವಿಯಲ್ಲಿ ಹಳೆಯ ಅಂಬಾಸಿಡರ್ ನಿಲ್ಲಿಸಿ ಚಹಾ ಕುಡಿಯಲು ಇಳಿದರೆ ಸಾಕು, ಯಾರಾದರೊಬ್ಬರು ಬಂದು ಬಾನೆಟ್ ಮೇಲೆ ಕೈಯಿಟ್ಟು ಕೇಳುತ್ತಾರೆ: "ಎಂಜಿನ್ ಮೂಲದ್ದೋ, ಬದಲಾಯಿಸಿದ್ದೋ?" ಉತ್ತರ ಏನೇ ಇರಲಿ, ಮುಂದಿನ ಮಾತು ಸಲಹೆಯೇ ಆಗಿರುತ್ತದೆ. ಜಪಾನಿನ ಇಸುಜು ಎಂಜಿನ್ ಹಾಕಿಸಿ ಎನ್ನುವವರು ಕೆಲವರು, ಡೀಸೆಲ್ ಹಾಕಿಸಿ ಎನ್ನುವವರು ಕೆಲವರು, ಮುಟ್ಟಲೇಬೇಡಿ ಎನ್ನುವವರು ಮತ್ತೆ ಕೆಲವರು. ಇವರಲ್ಲಿ ಹೆಚ್ಚಿನವರು ಒಂದೇ ಬಗೆಯ ಕಾರು ಓಡಿಸಿದವರು. ಮೂರನ್ನೂ ಓಡಿಸಿ ನೋಡುವ ಅವಕಾಶ ನನಗೆ ಸಿಕ್ಕಿದ್ದರಿಂದ ಈ ಹೋಲಿಕೆ.

ನನ್ನದು 1975ರ ಮಾರ್ಕ್ 3 ಮಾದರಿ. ಅದರೊಳಗೆ ಕಾರಿನ ಜೊತೆಗೇ ಬಂದ 1489 ಸಿಸಿ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಪೆಟ್ರೋಲ್ ಎಂಜಿನ್ ಇದೆ. ನಿಪ್ಪಾಣಿಯಲ್ಲಿರುವ ಭಾವನ ಮಾರ್ಕ್ 4ಕ್ಕೆ 1817 ಸಿಸಿ ಇಸುಜು ಪೆಟ್ರೋಲ್ ಎಂಜಿನ್ ಕೂರಿಸಲಾಗಿದೆ. ಗೋಕಾಕ ಕಡೆಯ ಕಬ್ಬು ಬೆಳೆಗಾರ ಗೆಳೆಯನ ಕಾರಿನಲ್ಲಿ 1995 ಸಿಸಿ ಇಸುಜು ಡೀಸೆಲ್ ಎಂಜಿನ್. ಮೂರೂ ಕಾರುಗಳ ಮೈಕಟ್ಟು ಒಂದೇ. ರಸ್ತೆಗಳೂ ಒಂದೇ ಇರಲಿ ಎಂದು ಮೂರು ದಾರಿ ಆರಿಸಿಕೊಂಡೆ: ವಂಟಮುರಿ ಘಾಟ್ ಮತ್ತು ಸ್ತವನಿಧಿ ಇಳಿಜಾರು ಇರುವ ಕೊಲ್ಹಾಪುರದ ಹೆದ್ದಾರಿ; ಜಾಂಬೋಟಿ, ಕಣಕುಂಬಿ ದಾಟಿ ಗೋವಾಕ್ಕೆ ಇಳಿಯುವ ಚೋರ್ಲಾ ಘಾಟ್; ಯರಗಟ್ಟಿ, ಲೋಕಾಪುರದ ಮೇಲೆ ಬಾಗಲಕೋಟೆಗೆ ಹೋಗುವ ಏಪ್ರಿಲ್ ತಿಂಗಳ ಕಾದ ರಸ್ತೆ.

ಎಂಜಿನ್ ಬದಲಿಸುವುದು ಪರಂಪರೆಗೆ ಬಗೆದ ದ್ರೋಹ ಎನ್ನುವವರಿಗೆ ಒಂದು ಮಾತು ನೆನಪಿಸಬೇಕು. ಈ ಕೆಲಸವನ್ನು ಮೊದಲು ಮಾಡಿದ್ದು ಕಂಪನಿಯೇ. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಕಾರಿನಿಂದ ಹುಟ್ಟಿದ ಈ ಕಾರಿಗೆ ಹಿಂದೂಸ್ತಾನ್ ಮೋಟಾರ್ಸ್ 1992ರಲ್ಲಿ ಇಸುಜು ಎಂಜಿನ್ ಕೂರಿಸಿ 1800 ಐಎಸ್‌ಜೆಡ್ ಎಂಬ ಹೆಸರಿನಲ್ಲಿ ಮಾರಿತು. ಅದೇ ಕಂಪನಿಯ ಇನ್ನೊಂದು ಕಾರಾದ ಕಾಂಟೆಸ್ಸಾಕ್ಕೂ ಹಾಗೆಯೇ ಆಗಿತ್ತು: ಮೊದಲು 1489 ಸಿಸಿ ಎಂಜಿನ್, ಆಮೇಲೆ ಇಸುಜು. ಉತ್ತರಪಾರಾದ ಕಾರ್ಖಾನೆ 2014ರಲ್ಲಿ ಅಂಬಾಸಿಡರ್ ತಯಾರಿಕೆ ನಿಲ್ಲಿಸುವ ಹೊತ್ತಿಗೆ ಇಸುಜು ಈ ಕಾರಿಗೆ ಹೊರಗಿನದಾಗಿ ಉಳಿದಿರಲಿಲ್ಲ.

ಮೊದಲು ಬಿಎಂಸಿ. ಇದರ ಬೋರ್ (ಸಿಲಿಂಡರಿನ ಅಗಲ) 73 ಮಿಲಿಮೀಟರ್, ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 88.9. ಅಗಲ ಕಡಿಮೆ, ಉದ್ದ ಹೆಚ್ಚು. ಆದ್ದರಿಂದ ಕೆಳಗಿನ ವೇಗದಲ್ಲಿ ಎಳೆಯುವ ಶಕ್ತಿ ಚೆನ್ನಾಗಿದೆ. ಖಡೇಬಜಾರಿನ ಜನಸಂದಣಿಯಲ್ಲಿ ಮೂರನೇ ಗೇರಿನಲ್ಲಿ ತೆವಳಿಕೊಂಡೇ ಹೋಗಬಹುದು. ಆದರೆ ಪಿಸ್ಟನ್‌ಗಳ ಏರಿಳಿತವನ್ನು ತಿರುಗಾಟವಾಗಿಸುವ ಕ್ರ್ಯಾಂಕ್ ಶಾಫ್ಟನ್ನು ಹಿಡಿದಿರುವುದು ಮೂರೇ ಮುಖ್ಯ ಬೇರಿಂಗ್. ಗಂಟೆಗೆ 80 ಕಿಲೋಮೀಟರ್ ದಾಟಿದ ಕೂಡಲೇ ಎಂಜಿನ್ ತನ್ನ ಶ್ರಮವನ್ನು ಸ್ಟಿಯರಿಂಗ್ ಮೂಲಕ ನಿಮ್ಮ ಅಂಗೈಗೆ ತಿಳಿಸುತ್ತದೆ. ಎಣ್ಣೆ ಸೋರುವುದು ಇದರ ಹುಟ್ಟುಗುಣ. ಕ್ರ್ಯಾಂಕಿನ ಹಿಂಬದಿಗೆ ಈಗಿನ ಎಂಜಿನ್‌ಗಳಂತೆ ರಬ್ಬರ್ ಸೀಲ್ ಇಲ್ಲ, ಶಾಫ್ಟಿನ ಮೇಲೆ ಕೊರೆದ ಸುರುಳಿ ಗೀರು ತಿರುಗುತ್ತಾ ಎಣ್ಣೆಯನ್ನು ಒಳಕ್ಕೆ ತಳ್ಳಬೇಕು. ಹೊಸದಾಗಿ ಕಟ್ಟಿಸಿದ ಎಂಜಿನ್ ಕೂಡ ಗ್ಯಾರೇಜಿನ ನೆಲದ ಮೇಲೆ ಒಂದೆರಡು ಹನಿ ಬೀಳಿಸಿಯೇ ತೀರುತ್ತದೆ. ಮೆಕ್ಯಾನಿಕ್ ಜೊತೆ ಅದಕ್ಕಾಗಿ ಜಗಳವಾಡಿ ಪ್ರಯೋಜನವಿಲ್ಲ.

ಇದನ್ನು ಇಟ್ಟುಕೊಳ್ಳುವುದಾದರೆ ಇಂದಿನ ಪೆಟ್ರೋಲಿಗೆ ಒಗ್ಗಿಸಲೇಬೇಕು. ಸೀಸ ಬೆರೆತ ಪೆಟ್ರೋಲ್ 2000ದ ಫೆಬ್ರವರಿಯಲ್ಲಿ ದೇಶದಿಂದ ಹೋಯಿತು. ಎಂಜಿನ್‌ನ ಮೇಲ್ಭಾಗವಾದ ಎರಕದ ಕಬ್ಬಿಣದ ಹೆಡ್‌ನಲ್ಲಿ ವಾಲ್ವ್ ಕೂರುವ ಜಾಗವನ್ನು ಕಾಯುತ್ತಿದ್ದುದು ಆ ಸೀಸವೇ. ಅದಿಲ್ಲದೆ ಉದ್ದ ಪ್ರಯಾಣ ಮಾಡಿದರೆ ಸೀಟು ಸವೆದು ವಾಲ್ವ್ ಒಳಗೆ ಇಳಿಯುತ್ತದೆ. ಗಟ್ಟಿ ಲೋಹದ ಸೀಟ್ ಉಂಗುರಗಳನ್ನು ಕೂರಿಸುವುದೇ ಮದ್ದು. ಫೌಂಡ್ರಿ, ಲೇತುಗಳ ಊರಾದ ಬೆಳಗಾವಿಯಲ್ಲಿ ಈ ಕೆಲಸಕ್ಕೆ ಉದ್ಯಮಬಾಗ್ ದಾಟಿ ಎಲ್ಲಿಗೂ ಹೋಗಬೇಕಿಲ್ಲ. ಎರಡನೆಯದು ಎಥೆನಾಲ್. ನಮ್ಮ ಜಿಲ್ಲೆಯ ಕಬ್ಬೇ ಸಕ್ಕರೆ ಕಾರ್ಖಾನೆಗಳ ಮೂಲಕ ಪೆಟ್ರೋಲಿಗೆ ಸೇರಿ ಇ20 (ಶೇ. 20 ಎಥೆನಾಲ್ ಬೆರೆತ ಪೆಟ್ರೋಲ್) ಆಗಿ ನಮ್ಮ ಟ್ಯಾಂಕಿಗೇ ಬರುತ್ತಿದೆ. ಕಬ್ಬು ಬೆಳೆಯುವ ಗೆಳೆಯನಿಗೆ ಅದು ಸಂತೋಷದ ಸಂಗತಿ, ನನ್ನ ಕಾರ್ಬ್ಯುರೇಟರಿಗೆ ಅಲ್ಲ. ಹಳೆಯ ರಬ್ಬರ್ ಪೈಪು, ಎಂಜಿನ್‌ಗೆ ಪೆಟ್ರೋಲ್ ತಳ್ಳುವ ಪಂಪಿನ ಡಯಾಫ್ರಾಮ್, ಗ್ಯಾಸ್ಕೆಟ್ ಎಲ್ಲವನ್ನೂ ಎಥೆನಾಲ್ ತಾಳುವ ಬಗೆಯದಕ್ಕೆ ಬದಲಿಸಬೇಕು, ಗಾಳಿಯೊಂದಿಗೆ ಬೆರೆಯುವ ಪೆಟ್ರೋಲಿನ ಪಾಲನ್ನು ಸ್ವಲ್ಪ ಹೆಚ್ಚಿಸಬೇಕು. ಇಷ್ಟೆಲ್ಲ ಆದ ಮೇಲೂ ಲೋಕಾಪುರದ ಬಿಸಿಲಿನಲ್ಲಿ ಪೆಟ್ರೋಲ್ ಆ ಪಂಪಿನೊಳಗೇ ಆವಿಯಾಗಿ ಎಂಜಿನ್ ನಿಂತಿತು. ಪಂಪಿಗೆ ಒದ್ದೆ ಬಟ್ಟೆ ಸುತ್ತಿ, ಬೇವಿನ ಮರದ ಕೆಳಗೆ ಕಾದು ಹೊರಡುವುದು ಅಂಬಾಸಿಡರ್ ಚಾಲಕರ ಹಳೆಯ ವಿದ್ಯೆ. ಈಗಲೂ ಕೆಲಸಕ್ಕೆ ಬರುತ್ತದೆ.

ಇಸುಜು ಪೆಟ್ರೋಲಿನದು ಬೇರೆಯದೇ ಸ್ವಭಾವ. ಬೋರ್ 84, ಸ್ಟ್ರೋಕ್ 82. ವಾಲ್ವುಗಳನ್ನು ತೆರೆಯುವ ಕ್ಯಾಮ್ ಶಾಫ್ಟ್ ಹೆಡ್‌ನ ಮೇಲೆಯೇ ಇದೆ, ಹೆಡ್ ಅಲ್ಯೂಮಿನಿಯಮ್‌ನದು. ಭಾವನ ಕಾರು ವಂಟಮುರಿ ಏರಿನಲ್ಲಿ ನಾಲ್ಕನೇ ಗೇರ್ ಬಿಡದೆ ಲಾರಿಗಳನ್ನು ಹಿಂದೆ ಹಾಕಿತು. ಅದೇ ಏರಿನಲ್ಲಿ ನನ್ನ ಕಾರಿಗೆ ಮೂರನೆಯದು ಬೇಕು, ಜೊತೆಗೆ ತಾಳ್ಮೆಯೂ ಬೇಕು. ನಾಲ್ಕು ಜನ, ಹಿಂದೆ ಸಾಮಾನು ತುಂಬಿದ್ದರೂ ನಿಪ್ಪಾಣಿಯಿಂದ ಕೊಲ್ಹಾಪುರದವರೆಗೆ 100ರಲ್ಲಿ ಮಾತಾಡಿಕೊಂಡು ಹೋಗಬಹುದು. ನನ್ನ ಕಾರಿನಲ್ಲಿ 80ರಲ್ಲೇ ದನಿ ಏರಿಸಬೇಕಾಗುತ್ತದೆ. ಪೆಟ್ರೋಲ್ ಖರ್ಚು ಹೆಚ್ಚುತ್ತದೆ ಎಂದುಕೊಂಡಿದ್ದೆ. ಹೆದ್ದಾರಿಯಲ್ಲಿ ನನ್ನದು ಲೀಟರಿಗೆ ಹತ್ತರ ಆಸುಪಾಸು ಕೊಟ್ಟರೆ ಅದು ಹನ್ನೊಂದು ಕೊಟ್ಟಿತು. ಊರೊಳಗೆ ಮಾತ್ರ ಲೆಕ್ಕ ತಿರುಗಿ ಬಿಎಂಸಿಯೇ ಮುಂದೆ.

ಆದರೆ ಸ್ತವನಿಧಿ ಇಳಿಯುವಾಗ ಇನ್ನೊಂದು ಮುಖ ಕಂಡಿತು. ಎಂಜಿನ್ ಬದಲಿಸಿದವರು ಬ್ರೇಕ್ ಬದಲಿಸಿರಲಿಲ್ಲ. ನಾಲ್ಕೂ ಚಕ್ರಕ್ಕೆ ಹಳೆಯ ಡ್ರಮ್, ಸಹಾಯಕ್ಕೆ ಬೂಸ್ಟರ್ ಇಲ್ಲ. ಇಳಿಜಾರಿನ ಕೊನೆಗೆ ಪೆಡಲ್ ತುಳಿದಷ್ಟೂ ಕೆಳಗೆ ಹೋಯಿತು, ಕಾದ ಲೈನಿಂಗಿನ ವಾಸನೆ ಒಳಗೆಲ್ಲ ತುಂಬಿತು. ಓಡುವ ಶಕ್ತಿಗೆ ದುಡ್ಡು ಸುರಿದು ನಿಲ್ಲುವ ಶಕ್ತಿಗೆ ಕೈ ಬಿಗಿ ಹಿಡಿಯುವುದು ನಮ್ಮ ಗ್ಯಾರೇಜುಗಳ ರೂಢಿ. ಗಿರಾಕಿಯೂ ಕೇಳುವುದಿಲ್ಲ, ಮೇಸ್ತ್ರಿಯೂ ಹೇಳುವುದಿಲ್ಲ. ಇಸುಜು ಹಾಕಿಸುವವರು ಮುಂದಿನ ಡಿಸ್ಕ್ ಬ್ರೇಕ್ ಮತ್ತು ಬೂಸ್ಟರ್‌ನ ಖರ್ಚನ್ನು ಎಂಜಿನ್ ಖರ್ಚಿನ ಒಳಗೇ ಸೇರಿಸಿಕೊಳ್ಳಬೇಕು. ರೇಡಿಯೇಟರ್ ಕೂಡ ಅಷ್ಟೇ. ಕಬ್ಬಿಣದ ಹೆಡ್ ಒಮ್ಮೆ ಕುದಿದರೆ ಸಹಿಸಿಕೊಳ್ಳುತ್ತದೆ, ಅಲ್ಯೂಮಿನಿಯಮ್ ಹೆಡ್ ಬಾಗುತ್ತದೆ.

ಡೀಸೆಲ್ ಬಗ್ಗೆ ಹೆಚ್ಚು ಬರೆಯುವುದಿಲ್ಲ, ನನಗೆ ಹಿಡಿಸಲಿಲ್ಲ. ಲೀಟರಿಗೆ ಹದಿನಾಲ್ಕು, ಹದಿನೈದು ಕೊಡುತ್ತದೆ, ಕಬ್ಬಿನ ಹೊಲದ ಕಚ್ಚಾ ರಸ್ತೆಯಲ್ಲಿ ದಿನವಿಡೀ ಓಡಿದರೂ ಬೇಸರಿಸುವುದಿಲ್ಲ, ಪಂಪು ಮತ್ತು ನಾಝಲ್ ಬಲ್ಲ ಮೆಕ್ಯಾನಿಕ್ ತಾಲೂಕು ಊರುಗಳಲ್ಲೂ ಸಿಗುತ್ತಾನೆ. ದಿನಕ್ಕೆ ನೂರು ಕಿಲೋಮೀಟರ್ ಓಡಿಸುವವರಿಗೆ ಇದಕ್ಕಿಂತ ಲಾಭದ್ದಿಲ್ಲ. ಆದರೆ ಕಾರು ನಿಂತಾಗ ಒಳಗೆ ಕೂತರೆ ಹಿಟ್ಟಿನ ಗಿರಣಿಯಲ್ಲಿ ಸರದಿ ಕಾಯುತ್ತಿರುವಂತೆ ಅನಿಸುತ್ತದೆ. ಮೂಗಿನ ಭಾರವೂ ಹೆಚ್ಚು. ಅಂಬಾಸಿಡರ್‌ನ ಮುಂದಿನ ಸಸ್ಪೆನ್ಷನ್ ತಿರುಚು ಸರಳುಗಳ ಮೇಲೆ ನಿಂತಿದೆ. ಅವನ್ನು ಹೊಸ ಭಾರಕ್ಕೆ ತಕ್ಕಂತೆ ತಿರುಗಿಸಿ ಎತ್ತರ ಸರಿಪಡಿಸದಿದ್ದರೆ ಕಾರು ತಲೆ ತಗ್ಗಿಸಿಯೇ ನಿಲ್ಲುತ್ತದೆ, ಸ್ಟಿಯರಿಂಗ್ ಕೂಡ ಭಾರವಾಗುತ್ತದೆ. ಗೆಳೆಯನ ಕಾರಿನಲ್ಲಿ ಎರಡೂ ಆಗಿತ್ತು. ವಾಲ್ವುಗಳನ್ನು ಪಿಸ್ಟನ್ ಜೊತೆ ತಾಳದಲ್ಲಿಡುವ ಟೈಮಿಂಗ್ ಬೆಲ್ಟ್ ಬದಲಿಸಲು ಮರೆತು ಅದು ಹರಿದರೆ ವಾಲ್ವುಗಳ ಗತಿಯನ್ನು ಹೇಳಬೇಕಿಲ್ಲ.

ಮೂರನ್ನೂ ಓಡಿಸಿದ ಮೇಲೆ ನನ್ನನ್ನು ಕಾಡಿದ ಪ್ರಶ್ನೆ ಎಂಜಿನ್‌ನದಾಗಿರಲಿಲ್ಲ. ಭಾವನ ಕಾರು ಅಷ್ಟು ಹಿತವಾಗಿದ್ದುದಕ್ಕೆ ಹೆಚ್ಚುವರಿ 328 ಸಿಸಿ ಎಷ್ಟು ಕಾರಣ, ಅದರ ಬೆನ್ನಿಗೆ ಬಂದ ಐದು ಗೇರಿನ ಪೆಟ್ಟಿಗೆ ಎಷ್ಟು ಕಾರಣ? ನನ್ನ ಹಳೆಯ ನಾಲ್ಕು ಗೇರಿನ ಪೆಟ್ಟಿಗೆಯಲ್ಲಿ ಮೊದಲ ಗೇರಿಗೆ ಸಿಂಕ್ರೋ, ಅಂದರೆ ಕಾರು ಓಡುತ್ತಿರುವಾಗಲೇ ಗೇರ್ ಸರಾಗವಾಗಿ ಬೀಳಿಸುವ ಭಾಗ, ಇಲ್ಲ. ಚೋರ್ಲಾ ಘಾಟಿನ ಕಡಿದಾದ ತಿರುವಿನಲ್ಲಿ ಎರಡನೆಯದು ಸಾಲದೆ ಹೋದರೆ ಕಾರನ್ನು ಪೂರ್ತಿ ನಿಲ್ಲಿಸಿ ಮೊದಲನೆಯದನ್ನು ಹಾಕಬೇಕು, ಇಲ್ಲವೇ ಕ್ಲಚ್ ಎರಡು ಸಲ ತುಳಿದು ಎಂಜಿನ್ ವೇಗ ಹೊಂದಿಸುವ ಕೈಚಳಕ ಬೇಕು. ಹಿಂದೆ ಗೋವಾದ ಬಸ್ಸು ಹಾರ್ನ್ ಬಾರಿಸುತ್ತಿರುವಾಗ ಆ ಕೈಚಳಕ ನೆನಪಾಗುವುದಿಲ್ಲ.

ಹಾಗಾಗಿ ಹಳೆಯ ಎಂಜಿನ್ ಅಲ್ಲೇ ಇರಲಿ, ಗೇರ್‌ಬಾಕ್ಸ್ ಮಾತ್ರ ಬದಲಾಗಲಿ ಎಂದು ತೀರ್ಮಾನಿಸಿ, ಗುಜರಿಗೆ ಬಂದ ಕಾಂಟೆಸ್ಸಾ ಒಂದರ ಐದು ಗೇರಿನ ಪೆಟ್ಟಿಗೆಯನ್ನು ಕೊಲ್ಹಾಪುರದಿಂದ ತಂದೆ. ಬಿಎಂಸಿ ಎಂಜಿನ್‌ನ ಹಿಂಬದಿಗೂ ಇಸುಜು ಪೆಟ್ಟಿಗೆಯ ಮುಂಬದಿಗೂ ಬೋಲ್ಟುಗಳು ಹೊಂದುವುದಿಲ್ಲ, ನಡುವೆ ಒಂದು ಉಕ್ಕಿನ ಫಲಕ ಬೇಕು. ಫಲಕ ಕೊರೆಯುವುದು ಸುಲಭ, ಅದನ್ನು ಕೇಂದ್ರಕ್ಕೆ ತರುವುದೇ ಕಷ್ಟ. ಕ್ರ್ಯಾಂಕಿನ ನಡುಗೆರೆ ಮತ್ತು ಗೇರ್‌ಬಾಕ್ಸ್ ಶಾಫ್ಟಿನ ನಡುಗೆರೆ ಕೂದಲೆಳೆಯಷ್ಟೂ ತಪ್ಪಬಾರದು. ತಪ್ಪಿದರೆ ಮುಂದಿನ ಬೇರಿಂಗ್ ಕೆಲವೇ ತಿಂಗಳಲ್ಲಿ ಅಳುತ್ತದೆ. ಲೇತ್ ಮೇಸ್ತ್ರಿ ಡಯಲ್ ಗೇಜನ್ನು ಫ್ಲೈವೀಲ್‌ಗೆ ಕಟ್ಟಿ, ಕ್ರ್ಯಾಂಕನ್ನು ಕೈಯಿಂದ ತಿರುಗಿಸುತ್ತಾ, ಫಲಕವನ್ನು ತಟ್ಟಿ ತಟ್ಟಿ ಸರಿಸಿ, ಮುಳ್ಳು ಅಲುಗಾಡುವುದು ನಿಂತ ಮೇಲೆ ಅದನ್ನು ಅದೇ ಜಾಗದಲ್ಲಿ ಹಿಡಿದಿಡುವ ಡವೆಲ್ ಪಿನ್ನುಗಳಿಗೆ ತೂತು ಹಾಕಿದರು. ಮರಾಠಿಯಲ್ಲಿ ಬೈಗುಳ, ಕನ್ನಡದಲ್ಲಿ ಅಳತೆ, ಹೀಗೆ ನಡೆಯಿತು ಕೆಲಸ. ಕ್ಲಚ್ ಪ್ಲೇಟಿನ ಹೊರ ಅಂಚು ಬಿಎಂಸಿಯದು, ನಡುವಿನ ಹಲ್ಲು ಇಸುಜುವಿನದು. ಎರಡನ್ನೂ ಸೇರಿಸಿ ರಿವೆಟ್ ಮಾಡಿಸಬೇಕಾಯಿತು. ಕ್ರ್ಯಾಂಕಿನ ತುದಿಗೆ ಹೊಸ ಕಂಚಿನ ಬುಶ್, ಅಡಿಗೆ ಹೊಸ ಅಡ್ಡಪಟ್ಟಿ. ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳ ಕಡೆಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟನ್ನು ಹೊಸ ಉದ್ದಕ್ಕೆ ಕತ್ತರಿಸಿ ಬೆಸೆದು ಬ್ಯಾಲೆನ್ಸ್ ಮಾಡಿಸಲೇಬೇಕು. ಇಲ್ಲಿ ಉಳಿಸಿದ ದುಡ್ಡು 70ರ ವೇಗದಲ್ಲಿ ನಡುಕವಾಗಿ ಮರಳುತ್ತದೆ. ಸ್ಟಿಯರಿಂಗ್ ಪಕ್ಕದ ಗೇರ್ ಹಿಡಿ ಹೋಯಿತು, ನೆಲದಿಂದ ಹೊಸದು ಎದ್ದಿತು, ಮುಂದಿನ ಉದ್ದ ಸೀಟಿನಲ್ಲಿ ಮೂರನೆಯವರು ಕೂರುವ ಸುಖ ಮುಗಿಯಿತು. ಮನೆಯವರು ಅದನ್ನು ಇನ್ನೂ ಕ್ಷಮಿಸಿಲ್ಲ.

ಫಲ ಏನೆಂದರೆ, ಬಿಎಂಸಿಗೆ 80ರಲ್ಲಿ ಈಗ ಏದುಸಿರು ಇಲ್ಲ. ಐದನೇ ಗೇರಿನಲ್ಲಿ ಎಂಜಿನ್ ನಿಧಾನವಾಗಿ ತಿರುಗುತ್ತದೆ, ಉದ್ದ ಸ್ಟ್ರೋಕಿನ ಎಳೆತ ಸಮತಟ್ಟು ರಸ್ತೆಗೆ ಸಾಕಾಗುತ್ತದೆ, ಕಿತ್ತೂರು ದಾಟಿ ಧಾರವಾಡಕ್ಕೆ ಹೋಗಿಬಂದರೂ ಕೈ ಜೋಮು ಹಿಡಿಯುವುದಿಲ್ಲ. ಚೋರ್ಲಾ ತಿರುವಿನಲ್ಲಿ ಉರುಳುತ್ತಿರುವಾಗಲೇ ಮೊದಲ ಗೇರ್ ಸದ್ದಿಲ್ಲದೆ ಬೀಳುತ್ತದೆ. ವಂಟಮುರಿ ಏರಿಗೆ ಮೂರನೆಯದು ಈಗಲೂ ಬೇಕು, ಅಲ್ಲಿ ಭಾವನ ಕಾರನ್ನು ಹಿಡಿಯಲಾಗದು. ಆದರೆ ಇಸುಜು ಕೊಡುವ ಹಿತದಲ್ಲಿ ಮುಕ್ಕಾಲು ಪಾಲು ಈ ಪೆಟ್ಟಿಗೆಯೊಂದರಿಂದಲೇ ಬಂತು ಎಂಬುದು ನನ್ನ ಅಂದಾಜು. ವೇಗ ಹೆಚ್ಚದ ಕಾರಣ ಹಳೆಯ ಡ್ರಮ್ ಬ್ರೇಕಿಗೂ ಹೊಸ ಹೊರೆ ಬೀಳಲಿಲ್ಲ.

ಕಾನೂನಿನ ವಿಷಯ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಗಿಯಾಗಿಯೇ ಎತ್ತಿಹಿಡಿಯಿತು. ಎಂಜಿನ್ ಬದಲಿಸುವ ಮುನ್ನ ಸಾರಿಗೆ ಕಚೇರಿಯ ಅನುಮತಿ ಬೇಕು, ಆಮೇಲೆ ಹೊಸ ಎಂಜಿನ್ ಸಂಖ್ಯೆ ಆರ್‌ಸಿಯಲ್ಲಿ ಸೇರಬೇಕು. ಪೆಟ್ರೋಲ್ ಕಾರಿಗೆ ಡೀಸೆಲ್ ಹಾಕಿದರೆ ಇಂಧನದ ಕಾಲಮ್ಮೂ ಬದಲಾಗಬೇಕು, ತೊಡಕು ಇಮ್ಮಡಿ. 15 ವರ್ಷ ದಾಟಿದ ಖಾಸಗಿ ಕಾರಿನ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸುವಾಗ ಇನ್‌ಸ್ಪೆಕ್ಟರ್ ಬಾನೆಟ್ ತೆರೆಸಿಯೇ ನೋಡುತ್ತಾರೆ. ಇನ್ನೊಂದು ಲೆಕ್ಕವೂ ಇದೆ. 2021ರ ವಿಂಟೇಜ್ ವಾಹನ ನಿಯಮಗಳ ಪ್ರಕಾರ 50 ವರ್ಷ ದಾಟಿದ, ಮೂಲರೂಪ ಕೆಡದ ಕಾರಿಗೆ 'ವಿಎ' ಸರಣಿಯ ವಿಶೇಷ ನೋಂದಣಿ ಸಿಗುತ್ತದೆ, ಶುಲ್ಕ 20,000 ರೂಪಾಯಿ. ಚಾಸಿ, ಬಾಡಿ, ಎಂಜಿನ್‌ನಲ್ಲಿ ಬದಲಾವಣೆ ಆಗಿರಬಾರದು. ನೆಲದ ತಗಡಿನಲ್ಲಿ ಗೇರ್ ಹಿಡಿಗಾಗಿ ತೆರೆದ ಕಿಂಡಿಯನ್ನು ಬಾಡಿಯ ಬದಲಾವಣೆ ಎಂದು ಅಧಿಕಾರಿ ಹೇಳಿದರೆ ನಾನು ವಾದಿಸಲಾರೆ. ಕತ್ತರಿಸಿ ತೆಗೆದ ತಗಡಿನ ತುಂಡನ್ನು ಇಟ್ಟುಕೊಂಡಿದ್ದೇನೆ.

ಮಾರುತಿ ಜಿಪ್ಸಿ ಎಂಜಿನ್ ಹಾಕಿದರೆ ಹೇಗೆ ಎಂದು ಕೇಳುವವರಿದ್ದಾರೆ. ಆ ಹಗುರ ಎಂಜಿನ್ ಹೆಚ್ಚು ತಿರುಗಿದಾಗಲೇ ಶಕ್ತಿ ಕೊಡುವಂಥದ್ದು. ಅದು ಪದ್ಮಿನಿಯಂಥ ಸಣ್ಣ ಕಾರಿಗೆ ಸರಿ, ಅಂಬಾಸಿಡರ್‌ನ ಮೈಗೆ ಅಲ್ಲ.

1975ಕ್ಕಿಂತ ಹಿಂದಿನ ಕಾರು, ಅದರಲ್ಲೂ ಹುಟ್ಟಿನಿಂದ ಬಂದ ಎಂಜಿನ್ ಇನ್ನೂ ಒಳಗಿದ್ದರೆ, ಬಿಎಂಸಿಯನ್ನೇ ಕಟ್ಟಿಸಿ. ಆಮೇಲಿನ ಮಾರ್ಕ್ 4 ಇದ್ದು, ಪುಣೆ, ಬೆಂಗಳೂರು ಓಡಾಟ ಇದ್ದರೆ, ಅನುಮತಿ ಕೈಗೆ ಬಂದ ಮೇಲೆ ಇಸುಜು ಪೆಟ್ರೋಲ್. ಎಂಜಿನ್ ಕೊಳ್ಳಲು ಗುಜರಿಗೆ ಹೋದಾಗ ಮೊದಲು ಗೇರ್‌ಬಾಕ್ಸನ್ನು ನೋಡಿ: ಐದನೇ ಗೇರ್ ಹಾಕಿ ಶಾಫ್ಟ್ ತಿರುಗಿಸಿದಾಗ ಜಿಗಿದು ಹೊರಬರುತ್ತದೆಯೇ, ಫ್ಲೈವೀಲ್, ಕ್ಲಚ್ ಕವರ್, ಅಡ್ಡಪಟ್ಟಿ, ಎಂಜಿನ್ ಮೌಂಟಿಂಗ್ ಜೊತೆಗೇ ಕೊಡುತ್ತಾರೆಯೇ ಎಂದು ಪರೀಕ್ಷಿಸಿ. ಇವಿಲ್ಲದೆ ಬರಿ ಎಂಜಿನ್ ಅಗ್ಗಕ್ಕೆ ಕೊಡುತ್ತೇನೆ ಎಂದರೆ ಕೊಳ್ಳಬೇಡಿ.