ಲಿನಕ್ಸ್‌ನಲ್ಲಿ ಪ್ರಿಂಟರ್ ಸೇವೆ ತಾನಾಗಿ ಶುರುವಾಗಲು: ಸರ್ವೀಸ್, ಸಾಕೆಟ್, ಕ್ರಾನ್

ಲಿನಕ್ಸ್ ಕಂಪ್ಯೂಟರಿನಲ್ಲಿ ಮುದ್ರಣವೆಂದರೆ ಬಹುಮಟ್ಟಿಗೆ ಕಪ್ಸ್ ಎಂದೇ ಅರ್ಥ. 1999ರಲ್ಲಿ ಮೊದಲು ಬಿಡುಗಡೆಯಾದ ಈ ತಂತ್ರಾಂಶದ ಹಿನ್ನೆಲೆ ಸೇವೆಯಾದ ಕಪ್ಸ್‌ಡಿ ಎಚ್ಚರವಾಗಿರದಿದ್ದರೆ, ಪ್ರಿಂಟ್ ಒತ್ತಿದಾಗ ತೆರೆದುಕೊಳ್ಳುವ ಕಿಟಕಿಯಲ್ಲಿ ಪ್ರಿಂಟರಿನ ಹೆಸರು ಕಾಣುವುದಿಲ್ಲ. ಕಡತವನ್ನು ಪಿಡಿಎಫ್ ಆಗಿ ಉಳಿಸುವ ಆಯ್ಕೆಯೊಂದೇ ಉಳಿದಿರುತ್ತದೆ. ಆ ಸೇವೆಯನ್ನು ಪ್ರತಿ ಬಾರಿ ಕೈಯಿಂದ ಎಬ್ಬಿಸಿ ಬೇಸತ್ತ ಮೇಲೆ, ಅದು ತಾನಾಗಿ ಏಳುವ ಮೂರು ದಾರಿಗಳನ್ನು ನಾನು ಎರಡು ಯಂತ್ರಗಳಲ್ಲಿ ಪ್ರಯೋಗಿಸಿ ನೋಡಿದೆ. ಒಂದು, ಅಪರೂಪಕ್ಕೆ ಮುದ್ರಿಸುವ ನನ್ನ ಲ್ಯಾಪ್‌ಟಾಪ್. ಇನ್ನೊಂದು, ಯುಎಸ್‌ಬಿ ಪ್ರಿಂಟರ್ ಜೋಡಿಸಿರುವ, ಮನೆಯವರೆಲ್ಲ ನೆಟ್‌ವರ್ಕಿನ ಮೂಲಕ ಬಳಸುವ ಹಳೆಯ ಡೆಸ್ಕ್‌ಟಾಪ್.

ಗೊತ್ತುಪಡಿಸಿದ ಸಮಯಕ್ಕೆ ಆದೇಶಗಳನ್ನು ಓಡಿಸುವ ಕ್ರಾನ್‌ನ ವಿಷಯವನ್ನು ಮೊದಲೇ ಹೇಳಿ ಮುಗಿಸುತ್ತೇನೆ. ಯಂತ್ರದ ಮೇಲೆ ಪೂರ್ಣ ಅಧಿಕಾರವಿರುವ ರೂಟ್ ಬಳಕೆದಾರನ ಕ್ರಾನ್‌ಟ್ಯಾಬಿನಲ್ಲಿ, ಅಂದರೆ ಕ್ರಾನ್ ಓದುವ ಪಟ್ಟಿಯಲ್ಲಿ, ರೀಬೂಟ್ ಎಂಬ ಗುರುತಿನ ಮುಂದೆ ಕಪ್ಸ್‌ಡಿಯ ಪೂರ್ಣ ಹಾದಿಯನ್ನು ಬರೆದರೆ ಸೇವೆ ಏಳುತ್ತದೆ, ನಿಜ. ಆದರೆ ಸೇವೆಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿಗೆ ಅದರ ಸುಳಿವೇ ಇರುವುದಿಲ್ಲವಾದ್ದರಿಂದ, ಸ್ಥಿತಿ ಕೇಳಿದರೆ ಸೇವೆ ನಿಂತಿದೆ ಎಂಬ ಉತ್ತರ ಬರುತ್ತದೆ, ಅದು ನಡುವೆ ಕುಸಿದು ಬಿದ್ದರೆ ಮತ್ತೆ ಎಬ್ಬಿಸುವವರೂ ಇರುವುದಿಲ್ಲ. ಬೂಟ್ ಆದಾಗ ಓಡಬೇಕಾದ ಆದೇಶಗಳನ್ನು ಬರೆದಿಡುವ ಆರ್‌ಸಿ ಡಾಟ್ ಲೋಕಲ್ ಕಡತದ ಪಾಡೂ ಹೆಚ್ಚು ಕಡಿಮೆ ಇದೇ. ಆ ಕಡತಕ್ಕೆ ಓಡುವ ಅನುಮತಿ ಕೊಡಲು ಮರೆತರೆ ಸಿಸ್ಟಮ್‌ಡಿ ಅದನ್ನು ಸದ್ದಿಲ್ಲದೆ ದಾಟಿ ಹೋಗುತ್ತದೆ. ಇನ್ನು ಡೆಸ್ಕ್‌ಟಾಪಿನ ಆಟೋಸ್ಟಾರ್ಟ್ ಪಟ್ಟಿಯಲ್ಲಿ ಕಾಣುವ ಪ್ರಿಂಟ್ ಆಪ್ಲೆಟ್ ಅನ್ನು ನೋಡಿ ಹಲವರು ಮೋಸಹೋಗುತ್ತಾರೆ, ಕೆಲ ದಿನ ನಾನೂ ಹೋಗಿದ್ದೆ. ಅದು ಮುದ್ರಣದ ಸರದಿಯನ್ನು ತೋರಿಸುತ್ತದೆಯೇ ಹೊರತು ಸೇವೆಯನ್ನು ಶುರು ಮಾಡುವುದಿಲ್ಲ.

ನಿಜವಾದ ಪೈಪೋಟಿಯಿರುವುದು ಸರ್ವೀಸ್ ಮತ್ತು ಸಾಕೆಟ್ ಎಂಬ ಎರಡು ಯೂನಿಟ್‌ಗಳ, ಅಂದರೆ ಏನನ್ನು ಯಾವಾಗ ಎಬ್ಬಿಸಬೇಕೆಂದು ಸಿಸ್ಟಮ್‌ಡಿಗೆ ಹೇಳುವ ಕಡತಗಳ ನಡುವೆ. ಕಪ್ಸ್ ಡಾಟ್ ಸರ್ವೀಸ್ ಅನ್ನು ಎನೇಬಲ್ ಮಾಡಿದರೆ ಕಂಪ್ಯೂಟರ್ ಶುರುವಾದಾಗಲೇ ಕಪ್ಸ್‌ಡಿಯೂ ಶುರುವಾಗುತ್ತದೆ. ವಿಫಲವಾದರೆ ಸಿಸ್ಟಮ್‌ಡಿ ಅದನ್ನು ತಾನೇ ಮತ್ತೆ ಎಬ್ಬಿಸುತ್ತದೆ. ಕಪ್ಸ್ ಡಾಟ್ ಸಾಕೆಟ್‌ನ ನಡೆ ಬೇರೆ. ಬೂಟ್ ಆದಾಗ ಸಿಸ್ಟಮ್‌ಡಿ ಒಂದು ಸಾಕೆಟ್ ಕಡತವನ್ನು ಮಾತ್ರ ತೆರೆದಿಟ್ಟು ಬಾಗಿಲಲ್ಲಿ ಕುಳಿತಿರುತ್ತದೆ, ಯಾವುದಾದರೂ ತಂತ್ರಾಂಶ ಆ ಬಾಗಿಲನ್ನು ತಟ್ಟಿದಾಗಷ್ಟೇ ಒಳಗಿರುವ ಕಪ್ಸ್‌ಡಿಯನ್ನು ಎಬ್ಬಿಸುತ್ತದೆ. ಕಪ್ಸ್‌ನ ಮೂಲ ನಿಯಮದಂತೆ, ಬಾಕಿ ಮುದ್ರಣವಾಗಲಿ ನೆಟ್‌ವರ್ಕ್ ಹಂಚಿಕೆಯಾಗಲಿ ಇಲ್ಲದಿದ್ದರೆ 60 ಸೆಕೆಂಡು ಸುಮ್ಮನಿದ್ದ ಬಳಿಕ ಸೇವೆ ಮರಳಿ ಮಲಗಬಹುದು. ಲಿನಕ್ಸ್ ವಿತರಣೆಗಳು ಈ ಅವಧಿಯನ್ನು ಬದಲಿಸಿರುವುದೂ ಉಂಟು.

ಲ್ಯಾಪ್‌ಟಾಪಿಗೆ ಸಾಕೆಟ್ ಹೇಳಿ ಮಾಡಿಸಿದಂತಿತ್ತು. ಪ್ರಿಂಟ್ ಒತ್ತಿದ ಕೂಡಲೇ ಕಣ್ಣು ಮಿಟುಕಿಸುವಷ್ಟರಲ್ಲಿ ಪ್ರಿಂಟರಿನ ಹೆಸರು ಬಂದಿತು. ಆದರೆ ಅದೇ ದಿನ ಸೆಟ್ಟಿಂಗ್ ಬದಲಿಸೋಣವೆಂದು ಬ್ರೌಸರಿನಲ್ಲಿ ಕಪ್ಸ್‌ನ ಪುಟ ತೆರೆಯುವ ಲೋಕಲ್‌ಹೋಸ್ಟ್ 631 ಎಂಬ ವಿಳಾಸ ಕೊಟ್ಟರೆ ಸಂಪರ್ಕ ನಿರಾಕರಿಸಲಾಗಿದೆ ಎಂಬ ಸಂದೇಶ ಬಂದಿತು. ಟರ್ಮಿನಲ್ಲಿನಲ್ಲಿ ಒಮ್ಮೆ ಪ್ರಿಂಟರುಗಳ ಸ್ಥಿತಿ ಕೇಳುವ ಎಲ್‌ಪಿಸ್ಟ್ಯಾಟ್ ಆದೇಶ ಕೊಟ್ಟು ಪುಟವನ್ನು ಮತ್ತೆ ತೆರೆದಾಗ ಅದು ಬಂದೇಬಿಟ್ಟಿತು. ಕಾರಣ ಸರಳ: ಸಾಕೆಟ್ ಯೂನಿಟ್ ಕಾದು ಕುಳಿತಿರುವುದು ಆ ಸ್ಥಳೀಯ ಕಡತದ ಮುಂದೆ, 631ನೇ ಪೋರ್ಟಿನ ಮುಂದೆ ಅಲ್ಲ. ಬ್ರೌಸರ್ ತಟ್ಟಿದ ಬಾಗಿಲಿನಲ್ಲಿ ಯಾರೂ ಇರಲಿಲ್ಲ.

ಇದೇ ಕಾರಣಕ್ಕೆ ಡೆಸ್ಕ್‌ಟಾಪಿನಲ್ಲಿ ಸಾಕೆಟ್ ಸೋತಿತು. ಬೂಟ್ ಆದ ಯಂತ್ರದ ಮುಂದೆ ಯಾರೂ ಕೂರದಿದ್ದರೆ ಕಪ್ಸ್‌ಡಿ ಏಳುವುದೇ ಇಲ್ಲ, ಅದು ಏಳದೆ ಪ್ರಿಂಟರ್ ನೆಟ್‌ವರ್ಕಿನಲ್ಲಿ ತನ್ನ ಇರವನ್ನು ಸಾರುವುದಿಲ್ಲ, ಹಾಗಾಗಿ ಮೇಲಿನ ಕೋಣೆಯಿಂದ ಮುದ್ರಿಸ ಹೊರಟವರಿಗೆ ಅದು ಕಾಣಿಸುವುದೇ ಇಲ್ಲ. ಹಂಚಿಕೆಯ ಪ್ರಿಂಟರಿಗೆ ಸರ್ವೀಸ್ ಬಿಟ್ಟು ಬೇರೆ ಯೋಚನೆ ಬೇಡ ಎಂಬುದು ನನ್ನ ಅಭಿಪ್ರಾಯ. ಸುಮ್ಮನಿರುವಾಗ ಕಪ್ಸ್‌ಡಿ ನುಂಗುವ ಮೆಮೊರಿ ಆ ಹಳೆಯ ಯಂತ್ರಕ್ಕೂ ಹೊರೆಯಾಗಿ ಕಾಣಲಿಲ್ಲ.

ಸರ್ವೀಸ್‌ನಿಂದ ಸಾಕೆಟ್‌ಗೆ ದಾಟುವಾಗ ಆದೇಶಗಳ ಕ್ರಮ ಮುಖ್ಯ. ನಾನು ಮೊದಲು ಸಾಕೆಟ್ ಅನ್ನು ಎನೇಬಲ್ ಮಾಡಿ ಆಮೇಲೆ ಸರ್ವೀಸ್ ಅನ್ನು ಡಿಸೇಬಲ್ ಮಾಡಿದ್ದೆ. ಮರುದಿನ ಪ್ರಿಂಟರೇ ನಾಪತ್ತೆ. ಸರ್ವೀಸ್ ಕಡತದ ಕೊನೆಯ ಭಾಗದಲ್ಲಿ ಆಲ್ಸೋ ಎಂಬ ಸಾಲೊಂದಿದೆ. ಸರ್ವೀಸ್ ಅನ್ನು ಎನೇಬಲ್ ಮಾಡಿದಾಗ ಸಾಕೆಟ್ ಯೂನಿಟ್ ಮತ್ತು ಕಡತವೊಂದರ ಮೇಲೆ ಕಣ್ಣಿಟ್ಟಿರುವ ಪಾತ್ ಯೂನಿಟ್‌ಗಳನ್ನು ಜೊತೆಗೆ ಕರೆತರುವ ಆ ಸಾಲೇ, ಡಿಸೇಬಲ್ ಮಾಡಿದಾಗ ಅವನ್ನೂ ಎಳೆದುಕೊಂಡು ಹೋಗುತ್ತದೆ. ಆದ್ದರಿಂದ ಮೊದಲು ಸರ್ವೀಸ್ ಅನ್ನು ಕಳಚಬೇಕು, ಬಳಿಕ ಸಾಕೆಟ್ ಅನ್ನು ಹೂಡಬೇಕು.

ಇಷ್ಟಾದರೂ ಲ್ಯಾಪ್‌ಟಾಪಿನಲ್ಲಿ ಕಪ್ಸ್‌ಡಿ ಬೂಟ್ ಆದಾಗಲೇ ಎದ್ದು ಕೂತಿದ್ದರೆ, ಕಪ್ಸ್ ಬ್ರೌಸ್ಡ್ ಎಂಬ ಸೇವೆಯನ್ನು ಶಂಕಿಸಬೇಕು. ನೆಟ್‌ವರ್ಕಿನ ಪ್ರಿಂಟರುಗಳನ್ನು ಹುಡುಕುವ ಅದಕ್ಕೆ ಕಪ್ಸ್ ಸೇವೆ ಬೇಕೇ ಬೇಕಾಗಿರುವುದರಿಂದ, ತಾನು ಏಳುವಾಗ ಅದನ್ನೂ ಎಬ್ಬಿಸಿಬಿಡುತ್ತದೆ. 2024ರ ಸೆಪ್ಟೆಂಬರಿನಲ್ಲಿ ಬಯಲಾದ ಭದ್ರತಾ ದೋಷಗಳಲ್ಲಿ ಒಂದು, ಇದೇ ಸೇವೆ ಯುಡಿಪಿ 631 ಎಂಬ ನೆಟ್‌ವರ್ಕ್ ಪೋರ್ಟಿನಲ್ಲಿ ಯಾರಿಂದ ಬಂದ ದತ್ತಾಂಶದ ಪೊಟ್ಟಣವನ್ನಾದರೂ ನಂಬುತ್ತಿದ್ದುದಕ್ಕೆ ಸಂಬಂಧಿಸಿತ್ತು. ಚಾಲಕ ತಂತ್ರಾಂಶ ಬೇಡದ ಈಚಿನ ಪ್ರಿಂಟರುಗಳನ್ನು ಕಪ್ಸ್ ತಾನೇ ಗುರುತಿಸುವುದರಿಂದ ಲ್ಯಾಪ್‌ಟಾಪಿನಲ್ಲಿ ಅದನ್ನು ಡಿಸೇಬಲ್ ಮಾಡಿದ್ದೇನೆ, ಈವರೆಗೆ ಅದರ ಕೊರತೆ ಕಂಡಿಲ್ಲ.