ಎಕ್ಸ್‌ಟಿ60 ಕನೆಕ್ಟರ್: ಮೂರು ವರ್ಷದ ಬಳಕೆಯ ನಂತರ

ರೇಡಿಯೊ ನಿಯಂತ್ರಿತ ವಿಮಾನ, ಕಾರು, ದೋಣಿ ಮೂರಕ್ಕೂ ಬ್ಯಾಟರಿ ಜೋಡಿಸಲು ಒಂದೇ ಕನೆಕ್ಟರ್ ಇರಲಿ ಎಂದು ಬಹುತೇಕ ಎಲ್ಲ ಮಾಡೆಲ್‌ಗೂ ಎಕ್ಸ್‌ಟಿ60 ಹಾಕಿ ಮೂರು ವರ್ಷವಾಯಿತು. ಬ್ಯಾಟರಿಗಳು ಹೆಚ್ಚಿನವು 3ಎಸ್, 4ಎಸ್, ಅಂದರೆ ಮೂರು ಅಥವಾ ನಾಲ್ಕು ಸೆಲ್ ಸರಣಿಯಲ್ಲಿ ಜೋಡಿಸಿದವು. ಎಳೆಯುವ ಕರೆಂಟ್ 40 ಆಂಪಿಯರ್ ಆಸುಪಾಸು. ಈ ಲೆಕ್ಕಕ್ಕೆ ಆಯ್ಕೆ ಸರಿಯಾಗಿಯೇ ಇದೆ. ಆದರೆ ಹೆಸರು ಒಂದೇ ಇದ್ದರೆ ಜೋಡಿಯೂ ಕೂಡಿಬರುತ್ತದೆ ಎಂದು ನಂಬಿ ಸಿಕ್ಕಲ್ಲಿ ಕೊಂಡರೆ ತೊಂದರೆ ತಪ್ಪಿದ್ದಲ್ಲ.

ಮೊದಲು ಮೆಚ್ಚಿಕೊಂಡದ್ದು. ಡೀನ್ಸ್ ಪ್ಲಗ್ಗಿನ ಚಪ್ಪಟೆ ಕಾಲಿಗೆ ದಪ್ಪ ವೈರ್ ಬೆಸೆಯುವುದು ಕಷ್ಟ, ಬಿಡಿಸುವಾಗ ಬೆರಳು ಜಾರುತ್ತದೆ. ಹಳೆಯ ಟಮಿಯಾ ಪ್ಲಗ್ ಇಷ್ಟು ಕರೆಂಟಿಗೆ ಬಿಸಿಯಾಗಿ ಮೆತ್ತಗಾಗುತ್ತದೆ. ಎಕ್ಸ್‌ಟಿ60ರ ಹಿಂಬದಿಯಲ್ಲಿ ಪುಟ್ಟ ಬಟ್ಟಲಿನಂಥ ಗುಳಿ ಇದೆ. 12 ಗೇಜ್ ಸಿಲಿಕೋನ್ ವೈರ್ ಅದರಲ್ಲಿ ಹಿತವಾಗಿ ಕೂರುತ್ತದೆ. ಒಂದು ಬದಿಯ ಮೂಲೆಗಳು ಇಳಿಜಾರಾಗಿರುವುದರಿಂದ ಉಲ್ಟಾ ಚುಚ್ಚಲು ಬರುವುದಿಲ್ಲ.

ಬೆಸುಗೆಯ ಕ್ರಮ ಹೀಗಿರಲಿ. 60 ವ್ಯಾಟಿನ ಸೋಲ್ಡರಿಂಗ್ ಐರನ್, ಉಳಿಯಂಥ ಅಗಲ ತುದಿ, ರೋಸಿನ್ ಇರುವ 60/40 ಸೋಲ್ಡರ್. ಬೆಸೆಯಬೇಕಾದ ತುಂಡಿಗೆ ಅದರ ಜೊತೆಗಾರನನ್ನು ಚುಚ್ಚಿಡಿ. ಅದು ಶಾಖವನ್ನೂ ಸ್ವಲ್ಪ ಹೀರಿಕೊಳ್ಳುತ್ತದೆ, ಪ್ಲಾಸ್ಟಿಕ್ ಮೆತ್ತಗಾದರೂ ಪಿನ್ ಓರೆಯಾಗದಂತೆ ಹಿಡಿದಿಡುತ್ತದೆ. ಬಿಸಿಗೆ ಕುಗ್ಗಿ ಬೆಸುಗೆಯನ್ನು ಮುಚ್ಚುವ ಹೀಟ್‌ಶ್ರಿಂಕ್ ಟ್ಯೂಬನ್ನು ವೈರಿಗೆ ಮೊದಲೇ ತೂರಿಸಿಕೊಳ್ಳಿ. ವೈರಿನ ತುದಿಗೂ ಗುಳಿಗೂ ಬೇರೆ ಬೇರೆಯಾಗಿ ಸೋಲ್ಡರ್ ಹಿಡಿಸಿ, ಆಮೇಲೆ ಎರಡನ್ನೂ ಕೂಡಿಸಿದರೆ ಮೂರು ನಾಲ್ಕು ಸೆಕೆಂಡಿನಲ್ಲಿ ಕೆಲಸ ಮುಗಿಯುತ್ತದೆ. ಹೆಚ್ಚು ಹೊತ್ತು ಬೇಕಾಯಿತೆಂದರೆ ಐರನ್ನಿನ ಶಾಖ ಸಾಲದು ಎಂದರ್ಥ. ಬ್ಯಾಟರಿಯ ಹಳೇ ಪ್ಲಗ್ ತೆಗೆಯುವಾಗ ಎರಡೂ ವೈರನ್ನು ಒಟ್ಟಿಗೆ ಕತ್ತರಿಸಲೇಬೇಡಿ, ಕಟ್ಟರ್ ಮೂಲಕವೇ ಶಾರ್ಟ್ ಆಗುತ್ತದೆ. ಒಂದನ್ನು ಕತ್ತರಿಸಿ, ಬೆಸೆದು, ಮುಚ್ಚಿ, ಆಮೇಲೆ ಇನ್ನೊಂದಕ್ಕೆ ಕೈ ಹಾಕಿ. ಬ್ಯಾಟರಿ ಕಡೆಗೆ ಯಾವಾಗಲೂ ಲೋಹ ಒಳಗೆ ಅಡಗಿರುವ ಹೆಣ್ಣು ತುಂಡು, ಇಎಸ್‌ಸಿ (ಮೋಟಾರಿನ ವೇಗ ನಿಯಂತ್ರಕ) ಕಡೆಗೆ ಪಿನ್ ಇರುವುದು. ಕೆಲವು ಮಾರಾಟಗಾರರು ಪಿನ್ ನೋಡಿ ಗಂಡು ಹೆಣ್ಣು ಹೇಳುತ್ತಾರೆ, ಕೆಲವರು ಹೊರಗಿನ ಕವಚ ನೋಡಿ. ಆದ್ದರಿಂದ ಪದ ನಂಬದೆ ಚಿತ್ರ ನೋಡಿ ಕೊಳ್ಳುವುದೇ ಕ್ಷೇಮ.

ಇನ್ನು ಬೇಸರ ತರಿಸಿದ ವಿಷಯ. ಗಂಡು ಪಿನ್ನಿನ ತುದಿಯನ್ನು ಬೆಳಕಿಗೆ ಹಿಡಿದು ನೋಡಿ. 3.5 ಮಿಲಿಮೀಟರ್ ಪಿನ್ನನ್ನು ಅಡ್ಡಲಾಗಿಯೂ ಉದ್ದಲಾಗಿಯೂ ಸೀಳಿ ನಾಲ್ಕು ಎಸಳು ಮಾಡಿರುತ್ತಾರೆ. ಆ ಎಸಳುಗಳು ಸ್ಪ್ರಿಂಗಿನಂತೆ ಹೊರಕ್ಕೆ ಒತ್ತುವುದರಿಂದಲೇ ಸಂಪರ್ಕ ಬಿಗಿಯಾಗಿರುತ್ತದೆ. ಒಬ್ಬ ತಯಾರಕರ ಪಿನ್ ಕೂದಲೆಳೆಯಷ್ಟು ಸಣ್ಣದಿದ್ದು ಇನ್ನೊಬ್ಬರ ಸಾಕೆಟ್ ಅಷ್ಟೇ ದೊಡ್ಡದಿದ್ದರೆ, ಎರಡೂ ಎಕ್ಸ್‌ಟಿ60 ಆದರೂ ಒಂದಕ್ಕೊಂದು ಸಡಿಲ. ಹೊರಗಿನ ಪ್ಲಾಸ್ಟಿಕ್ ಬಿಗಿಯಾಗಿ ಕೂರುವುದರಿಂದ ಇದು ಕೈಗೆ ತಿಳಿಯುವುದೇ ಇಲ್ಲ. ಇದಕ್ಕಿಂತ ಕೆಟ್ಟದ್ದೂ ಇದೆ: ಮೊದಲೇ ಬಿಗಿಯಾದ ಸಾಕೆಟ್ಟಿಗೆ ಹತ್ತಾರು ಸಲ ಹೋಗಿಬಂದ ಪಿನ್ನಿನ ಎಸಳುಗಳು ಒಳಕ್ಕೆ ಅದುಮಿಕೊಂಡು, ತನ್ನದೇ ಜೋಡಿಯಲ್ಲೂ ಸಡಿಲವಾಗಿಬಿಡುತ್ತವೆ.

ಲೆಕ್ಕ ಹಾಕಿದರೆ ಇದು ಸಣ್ಣ ವಿಷಯವಲ್ಲ. ಸಂಪರ್ಕದ ರೋಧ 1 ಮಿಲಿಓಮ್ ಇದ್ದರೆ 40 ಆಂಪಿಯರ್‌ಗೆ ಹುಟ್ಟುವ ಶಾಖ 1.6 ವ್ಯಾಟ್. ಅದೇ 5 ಮಿಲಿಓಮ್ ಆದರೆ 8 ವ್ಯಾಟ್, ಅದೂ ಉಗುರಿನಷ್ಟು ಜಾಗದಲ್ಲಿ. ಅಗ್ಗದ ನಕಲಿನ ಪ್ಲಾಸ್ಟಿಕ್ ಬೆಸೆಯುವಾಗಲೇ ಕರಗುತ್ತದೆ. ಹಾರಾಟದ ನಡುವೆ ಪಿನ್ನೇ ವಾಲಿದರೆ ರಿಸೀವರ್‌ಗೆ ಬರುವ ವಿದ್ಯುತ್ತೂ ನಿಂತುಹೋಗಬಹುದು.

ಪರೀಕ್ಷೆ ಸುಲಭ. 5 ಆಂಪಿಯರ್‌ನಲ್ಲಿ ಚಾರ್ಜ್ ಆಗುತ್ತಿರುವಾಗ ಮಲ್ಟಿಮೀಟರನ್ನು ಮಿಲಿವೋಲ್ಟ್‌ಗೆ ಇಟ್ಟು, ಜೋಡಿಯ ಒಂದು ಬೆಸುಗೆಯಿಂದ ಎದುರಿನ ತುಂಡಿನ ಅದೇ ಧ್ರುವದ ಬೆಸುಗೆಗೆ ಅಳೆಯಿರಿ. 5 ಮಿಲಿವೋಲ್ಟ್ ಬಂದರೆ 1 ಮಿಲಿಓಮ್, 25 ಬಂದರೆ 5. ಅಕ್ಕಪಕ್ಕದ ಎರಡು ಧ್ರುವಗಳಿಗೆ ಪ್ರೋಬಿನ ತುದಿ ಒಟ್ಟಿಗೆ ತಗುಲದಂತೆ ಎಚ್ಚರವಿರಲಿ. ಮೀಟರ್ ಇಲ್ಲದಿದ್ದರೆ ವಿಮಾನ ಇಳಿದ ತಕ್ಷಣ ಕನೆಕ್ಟರಿಗೆ ಬೆರಳ ಹಿಂಬದಿ ತಾಗಿಸಿ. ವೈರಿಗಿಂತ ಕನೆಕ್ಟರೇ ಹೆಚ್ಚು ಬಿಸಿ ಇದ್ದರೆ ಸಂಪರ್ಕ ಕೆಟ್ಟಿದೆ. ನನಗೆ ಇದು ಬ್ಯಾಟರಿ ಬಿಚ್ಚುವಷ್ಟೇ ಸಹಜ ಅಭ್ಯಾಸವಾಗಿದೆ.

ಪರಿಹಾರವೂ ದೊಡ್ಡದೇನಲ್ಲ. ಇಎಸ್‌ಸಿಗೆ ಬ್ಯಾಟರಿ ಇಲ್ಲದಿರುವಾಗ ತೆಳುವಾದ ಹಾಬಿ ಚಾಕುವಿನ ಅಲಗನ್ನು ಸೀಳಿನೊಳಗೆ ಇಳಿಸಿ ಸ್ವಲ್ಪವೇ ತಿರುಗಿಸಿ, ಆಮೇಲೆ ಇನ್ನೊಂದು ಸೀಳಿಗೂ ಹಾಗೆಯೇ. ಎಸಳು ಕಣ್ಣಿಗೆ ಕಾಣುವಷ್ಟು ಅರಳಿತೆಂದರೆ ಅತಿಯಾಯಿತು, ಮುರಿಯುತ್ತದೆ. ಇದನ್ನು ಒಂದೆರಡು ಸಲ ಮಾಡಬಹುದು, ಆಮೇಲೆ ಬದಲಿಸುವುದೇ ಸರಿ. ಬಿಡಿ ತುಂಡು ಬಿಟ್ಟು, ಒಂದೇ ತಯಾರಕರ ಜೋಡಿಗಳನ್ನು ಒಟ್ಟಿಗೆ ತಂದು ಎರಡೂ ಕಡೆ ಬದಲಿಸಿದ ಮೇಲೆ ಈ ಕಾಟ ಬಹುಪಾಲು ನಿಂತಿದೆ. ಬೆಲೆ ತುಸು ಹೆಚ್ಚು, ಆದರೆ ಒಂದು ಬ್ಯಾಟರಿಯ ಬೆಲೆಯ ಮುಂದೆ ಅದು ಏನೂ ಅಲ್ಲ. ಈಗ ಮತ್ತೆ ಈ ಕನೆಕ್ಟರಿನ ಮೇಲೆ ಪ್ರೀತಿ ಬಂದಿದೆ.

ಹೊಂದಾಣಿಕೆಯ ಬಗ್ಗೆ ಇನ್ನಷ್ಟು. ಇಸಿ3 ಎಂಬ ಇನ್ನೊಂದು ಕನೆಕ್ಟರಿನ ಪಿನ್ನೂ 3.5 ಮಿಲಿಮೀಟರೇ, ಆದರೆ ಕವಚ ಬೇರೆ. ನೇರವಾಗಿ ಕೂಡಿಸಲು ಬರುವುದಿಲ್ಲ, ಅಡಾಪ್ಟರ್ ಬೇಕು. ಚಾರ್ಜಿಂಗಿಗೆ ಅಡಾಪ್ಟರ್ ಧಾರಾಳವಾಗಿ ಬಳಸಿ. ಹಾರಿಸುವಾಗ ಬೇಡ, ಏಕೆಂದರೆ ಪ್ರತಿ ಅಡಾಪ್ಟರೂ ಇನ್ನೊಂದು ಸಂಪರ್ಕವನ್ನೂ ಎರಡು ಬೆಸುಗೆಗಳನ್ನೂ ಸೇರಿಸುತ್ತದೆ. ಎರಡು ಬ್ಯಾಟರಿ ಕೂಡಿಸುವ ಪ್ಯಾರಲಲ್ ಮತ್ತು ಸೀರೀಸ್ ವೈ ಕೇಬಲ್‌ಗಳು ನೋಡಲು ಒಂದೇ ಥರ. ಸೀರೀಸ್ ಕೇಬಲ್ಲಿಗೆ ಎರಡು 3ಎಸ್ ಹಾಕಿದರೆ 6ಎಸ್ ಆಗುತ್ತದೆ, 4ಎಸ್ ತನಕದ ಇಎಸ್‌ಸಿ ಸುಟ್ಟುಹೋಗುತ್ತದೆ. ಎರಡಕ್ಕೂ ಬೇರೆ ಬಣ್ಣದ ಟೇಪ್ ಸುತ್ತಿಡಿ.

6ಎಸ್‌ಗೆ ಮಾತ್ರ ಎಕ್ಸ್‌ಟಿ60 ಬಿಟ್ಟು ಅದಕ್ಕಿಂತ ದೊಡ್ಡದಾದ, ಕಿಡಿ ತಡೆಯುವ ಎಕ್ಸ್‌ಟಿ90-ಎಸ್ ಹಾಕಿದ್ದೇನೆ. ಇಎಸ್‌ಸಿಯ ಕೆಪಾಸಿಟರ್ ತುಂಬುವಾಗ ಹಾರುವ ಕಿಡಿಯನ್ನು ಅದರೊಳಗಿನ 5.6 ಓಮ್ ರೆಸಿಸ್ಟರ್ ತಡೆಯುತ್ತದೆ: ತುಂಬಿದ 6ಎಸ್‌ನ 25.2 ವೋಲ್ಟ್‌ಗೆ ಮೊದಲ ಕ್ಷಣದ ಕರೆಂಟ್ 4.5 ಆಂಪಿಯರ್‌ಗೆ ಮಿತಿಯಾಗುತ್ತದೆ. ಅರ್ಧ ಚುಚ್ಚಿ, ಒಂದು ಸೆಕೆಂಡ್ ತಡೆದು, ಆಮೇಲೆ ಪೂರ್ತಿ ಒತ್ತಬೇಕು. ಆದರೆ ಅರ್ಧಕ್ಕೇ ಬಿಟ್ಟು ಥ್ರಾಟಲ್ ಏರಿಸಿದರೆ ಆ ರೆಸಿಸ್ಟರ್ ಸುಟ್ಟುಹೋಗುತ್ತದೆ, ಆದ್ದರಿಂದ ಎರಡು ತುಂಡುಗಳ ನಡುವೆ ಸಂದು ಕಾಣದಷ್ಟು ಒತ್ತಿದ ಮೇಲೆಯೇ ಟ್ರಾನ್ಸ್‌ಮಿಟರ್ ಕೋಲಿಗೆ ಬೆರಳಿಡಿ.