ಮೂರು ಕಾಸಿನ ಕೊಲೆ ಸಿನಿಮಾಗಳು: ಯಾವುದಕ್ಕೆ ನಿದ್ದೆ ಕೆಡಬಹುದು, ಯಾವುದಕ್ಕೆ ಬೇಡ

ಸ್ಲ್ಯಾಷರ್ ಸಿನಿಮಾದ ಕಥೆ ಹೇಳೋಕೆ ಒಂದು ಉಸಿರು ಸಾಕು. ಒಬ್ಬ ಕೊಲೆಗಾರ, ಅವನ ಕೈಯಲ್ಲಿ ಹರಿತವಾದದ್ದು ಏನೋ ಒಂದು, ಊರಾಚೆ ಒಂದು ಜಾಗ, ಅಲ್ಲಿ ಒಂದಷ್ಟು ಹರೆಯದವರು. ಒಬ್ಬೊಬ್ಬರೇ ಸಾಯುತ್ತಾರೆ, ಕೊನೆಗೆ ಒಬ್ಬಳು ಹುಡುಗಿ ಉಳಿಯುತ್ತಾಳೆ. ಇದರಲ್ಲಿ ನಿಜಕ್ಕೂ ಒಳ್ಳೆಯ ಸಿನಿಮಾಗಳಿವೆ. ಅವುಗಳನ್ನು ಬಿಡಿ. ನಾನು ಹೇಳಹೊರಟಿರೋದು ದುಡ್ಡಿಲ್ಲದೆ, ನಟನೆ ಬಾರದವರನ್ನು ಇಟ್ಟುಕೊಂಡು ತೆಗೆದ ಸಿನಿಮಾಗಳ ಬಗ್ಗೆ. ನಾಲ್ಕು ಜನರ ಮುಂದೆ ಇದನ್ನು ನೋಡ್ತೀನಿ ಅಂತ ಹೇಳೋಕೆ ನಾಚಿಕೆ, ನೋಡದೆ ಇರೋಕೂ ಆಗಲ್ಲ.

ಕುವೆಂಪುನಗರದ ನಮ್ಮ ಮನೆಯ ಮಹಡಿ ರೂಮಿನಲ್ಲಿ ಒಂದು ಸಣ್ಣ ಪ್ರೊಜೆಕ್ಟರ್ ಇದೆ, ಸುಣ್ಣ ಹೊಡೆದ ಗೋಡೆ ಇದೆ. ಶನಿವಾರ ರಾತ್ರಿ ಅಕ್ಕ, ಭಾವ, ಮಂಡ್ಯದಿಂದ ಬರುವ ಒಬ್ಬ ಗೆಳೆಯ, ಇನ್ನೂ ಒಂದಿಬ್ಬರು ಸೇರುತ್ತಾರೆ. ಚುರುಮುರಿ ಕಟ್ಟಿಸಿಕೊಂಡು ಬಂದಿರುತ್ತೇವೆ. ನನ್ನ ಅಳತೆಗೋಲು ಸರಳ. ಸಿನಿಮಾ ಓಡುವಾಗ ಎಷ್ಟು ಜನ ಪರದೆಗೆ ಬೈದರು, ಎಷ್ಟು ಜನ ಸುಮ್ನೆ ಮೊಬೈಲ್ ತೆಗೆದರು, ಅಷ್ಟೇ.

ಮೊದಲು ಇವೆಲ್ಲ ಎಲ್ಲಿಂದ ಬಂದವು ಅಂತ ಹೇಳಿಬಿಡುತ್ತೇನೆ. 1978ರಲ್ಲಿ ಜಾನ್ ಕಾರ್ಪೆಂಟರ್ 'ಹ್ಯಾಲೋವೀನ್' ತೆಗೆದ. ಖರ್ಚು ಸುಮಾರು 3 ಲಕ್ಷ ಡಾಲರ್. ಕೊಲೆಗಾರನ ಮುಖವಾಡ ಯಾವುದು ಗೊತ್ತಾ? 'ಸ್ಟಾರ್ ಟ್ರೆಕ್' ಧಾರಾವಾಹಿಯ ಕ್ಯಾಪ್ಟನ್ ಕರ್ಕ್‌ನ ರಬ್ಬರ್ ಮುಖವಾಡ, ಅಂಗಡಿಯಲ್ಲಿ ಸಿಕ್ಕಿದ್ದಕ್ಕೆ ಬಿಳಿ ಬಣ್ಣ ಬಳಿದರು. ಕಥೆ ನಡೆಯೋದು ಎಲೆ ಉದುರುವ ಕಾಲದಲ್ಲಿ, ಶೂಟಿಂಗ್ ನಡೆದದ್ದು ವಸಂತದಲ್ಲಿ, ಹಾಗಾಗಿ ಎಲೆಗಳಿಗೂ ಬಣ್ಣ ಹಚ್ಚಿ, ಒಂದು ಶಾಟ್ ಆದ ಮೇಲೆ ಗುಡಿಸಿ ತುಂಬಿಕೊಂಡು ಮುಂದಿನ ಶಾಟ್‌ಗೆ ಮತ್ತೆ ಚೆಲ್ಲಿದರು. ಆ ಸಿನಿಮಾ ಗಳಿಸಿದ್ದು 7 ಕೋಟಿ ಡಾಲರ್ ಹತ್ತಿರ. ಆ ಲೆಕ್ಕ ಕೇಳಿದ ಮೇಲೆ ಕ್ಯಾಮೆರಾ ಇದ್ದವರೆಲ್ಲ ಚಾಕು ಹುಡುಕೋಕೆ ಹೊರಟರು. ಸ್ಟಾರ್ ಬೇಡ, ಸೆಟ್ ಬೇಡ, ಒಂದು ಮನೆ, ಒಂದು ರಾತ್ರಿ, ಒಂದಷ್ಟು ಬಣ್ಣ ಹಾಕಿದ ಕಾರ್ನ್ ಸಿರಪ್ (ಜೋಳದ ಸಿಹಿಪಾಕ) ಇದ್ದರೆ ರಕ್ತವೂ ರೆಡಿ.

ಹಾಗೆ ಹೊರಟವರಲ್ಲಿ ಮೊದಲ ಗಟ್ಟಿಗ ಶಾನ್ ಕನಿಂಗ್‌ಹ್ಯಾಮ್. 'ಫ್ರೈಡೇ ದ ಥರ್ಟೀನ್ತ್', 1980, ಕೆರೆ ದಂಡೆಯ ಬೇಸಿಗೆ ಶಿಬಿರದಲ್ಲಿ ನಡೆಯುವ ಕಥೆ. ಕೈಯಲ್ಲಿ ಸ್ಕ್ರಿಪ್ಟ್ ಇಲ್ಲದೆಯೇ ಬರೀ ಹೆಸರಿಟ್ಟುಕೊಂಡು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟ ಭೂಪ. ಖರ್ಚು ಐದೂವರೆ ಲಕ್ಷ ಡಾಲರ್ ಆಸುಪಾಸು. ಟಾಮ್ ಸವೀನಿ ಮಾಡಿದ ಮೇಕಪ್ ಇವತ್ತಿಗೂ ಸೊಗಸು. ನಟ ಕೆವಿನ್ ಬೇಕನ್ ಮಲಗಿರುವಾಗ ಮಂಚದ ಕೆಳಗಿಂದ ಬಾಣ ಬಂದು ಕುತ್ತಿಗೆ ಸೀಳಿದಾಗ ಭಾವನ ಕೈಯಲ್ಲಿದ್ದ ಚುರುಮುರಿ ನೆಲಕ್ಕೆ ಬಿತ್ತು. ಆದರೆ ನಡುವೆ ತುಂಬಾ ಎಳೆದಾಟ. ಒಬ್ಬಳು ಕಾಫಿ ಮಾಡುತ್ತಾಳೆ, ಪೂರ್ತಿ ಮಾಡುತ್ತಾಳೆ, ನಾವು ಪೂರ್ತಿ ನೋಡಬೇಕು. ಮೊಬೈಲ್‌ಗಳು ಹೊರಬಂದವು. ಈ ಸರಣಿಯ ಮುಂದಿನ ಭಾಗಗಳ ಕೊಲೆಗಾರ, ಹಾಕಿ ಆಟದ ಮುಖವಾಡ ತೊಡುವ ಜೇಸನ್‌ಗಾಗಿ ಕಾದು ಕೂತಿದ್ದವರಿಗೆ ಇನ್ನೂ ನಿರಾಸೆ. ಆ ಮುಖವಾಡ ಬರೋದು 1982ರ ಮೂರನೇ ಭಾಗದಲ್ಲಿ.

ಇನ್ನೊಂದು ಮಾತು. ಅಷ್ಟೊಂದು ಜನ ಸತ್ತಾಗ ಕೇಕೆ ಹಾಕಿದ ನಮ್ಮ ರೂಮು, ಒಂದು ಹಾವನ್ನು ಕತ್ತರಿಸಿದಾಗ ಗಪ್‌ಚುಪ್. ಆ ಹಾವು ನಿಜವಾದದ್ದು, ಕ್ಯಾಮೆರಾ ಮುಂದೆ ನಿಜವಾಗಿ ಕೊಂದದ್ದು. ಅಕ್ಕ ಎದ್ದು ಕೆಳಗೆ ಹೋದವಳು ಆ ರಾತ್ರಿ ಮತ್ತೆ ಮೇಲೆ ಬರಲಿಲ್ಲ. ನಮ್ಮ ಕಡೆ ಹಾವು ಹೊಡೆದರೆ ದೋಷ ಅಂತ ನಂಬಿಕೆ, ಅದೂ ಇರಬಹುದು. ಸುಳ್ಳು ಅಂತ ಗೊತ್ತಿದ್ದರೆ ಮಾತ್ರ ನಗು ಬರೋದು, ಅಷ್ಟಂತೂ ಆವತ್ತು ಖಾತ್ರಿಯಾಯಿತು.

ಇದಕ್ಕೆ ಎದುರಾಗಿ 'ಸ್ಲೀಪವೇ ಕ್ಯಾಂಪ್', 1983. ಇದೂ ಬೇಸಿಗೆ ಶಿಬಿರ, ಇಲ್ಲೂ ಕೆರೆ. ಆದರೆ ಶಿಬಿರದ ಮಕ್ಕಳ ಪಾತ್ರದಲ್ಲಿ ನಿಜವಾಗಿ ಅದೇ ವಯಸ್ಸಿನ ಮಕ್ಕಳಿದ್ದಾರೆ. ಬೇರೆ ಸಿನಿಮಾಗಳಲ್ಲಿ ಮದುವೆಯಾಗಿ ಮಕ್ಕಳಿರೋ ಥರ ಕಾಣುವವರು ಹೈಸ್ಕೂಲಿಗೆ ಹೋಗುತ್ತಿರುತ್ತಾರೆ, ಅಲ್ವಾ? ಈ ಮಕ್ಕಳು ಕಿತ್ತಾಡುವ ರೀತಿ, ಚುಚ್ಚುವ ಮಾತು, ಎಲ್ಲ ನಿಜ. ದೊಡ್ಡವರು ಮಾತ್ರ ಬೇರೆ ಗ್ರಹದಿಂದ ಬಂದವರು. ಮಾರ್ಥಾ ಅತ್ತೆ ಅಂತ ಒಬ್ಬಳಿದ್ದಾಳೆ, ಅವಳು ಮಾತಾಡುವ ಪರಿ ನೋಡಿ ನಾವು ಸಿನಿಮಾ ನಿಲ್ಲಿಸಿ, ಹಿಂದೆ ಹೋಗಿ, ಮತ್ತೆ ನೋಡಿದೆವು. ಪೊಲೀಸಿನವನಿಗೆ ಮೊದಲು ನಿಜವಾದ ಮೀಸೆ, ಕೊನೆಗೆ ಬರುವಾಗ ಅಂಟಿಸಿದ ಮೀಸೆ. ಅದೂ ಎಂಥ ಮೀಸೆ! ಕಪ್ಪು ಟೇಪ್ ಅಂಟಿಸಿದ ಹಾಗೆ. ಕೊನೆಯ ದೃಶ್ಯ ಏನು ಅಂತ ಹೇಳಲ್ಲ. ಅಷ್ಟು ಹೊತ್ತು ನಗುತ್ತಿದ್ದವರ ಬಾಯಿ ಮುಚ್ಚಿಸುತ್ತದೆ. ಇವತ್ತಿನ ಕಣ್ಣಿಗೆ ಅದು ಬೇರೆ ಕಾರಣಕ್ಕೂ ಮುಜುಗರ ತರುತ್ತದೆ, ನೋಡಿದವರಿಗೆ ಗೊತ್ತಾಗುತ್ತದೆ. ಈ ಸಿನಿಮಾ ನಾನು ಒಬ್ಬನೇ ಕೂತೂ ನೋಡಿದ್ದೇನೆ. ಗುಂಪಿಗಿಂತ ಒಬ್ಬನಿಗೇ ಇದು ಜಾಸ್ತಿ ಕೆಲಸ ಮಾಡುತ್ತದೆ.

'ಸ್ಲಂಬರ್ ಪಾರ್ಟಿ ಮ್ಯಾಸಕರ್', 1982, ಅಕ್ಕ ಆರಿಸಿದ್ದು. ಇದರ ಹಿನ್ನೆಲೆ ಮಜವಾಗಿದೆ. ಬರೆದವಳು ರೀಟಾ ಮೇ ಬ್ರೌನ್, ಸ್ತ್ರೀವಾದಿ ಕಾದಂಬರಿಕಾರ್ತಿ. ಈ ಥರದ ಸಿನಿಮಾಗಳನ್ನು ಗೇಲಿ ಮಾಡೋಕೆ ಅಂತಲೇ ಬರೆದಳು. ನಿರ್ದೇಶಿಸಿದವಳು ಏಮಿ ಹೋಲ್ಡನ್ ಜೋನ್ಸ್. ಅದುವರೆಗೆ ಎಡಿಟರ್ ಆಗಿದ್ದ ಇವಳು ಸ್ಪೀಲ್‌ಬರ್ಗ್‌ನ 'ಇ.ಟಿ.' ಎಡಿಟ್ ಮಾಡುವ ಅವಕಾಶ ಬಿಟ್ಟು ಇದಕ್ಕೆ ಬಂದಳು. ಆದರೆ ಗೇಲಿಯಾಗಿ ಬರೆದದ್ದನ್ನು ಗಂಭೀರವಾಗಿ ತೆಗೆದುಬಿಟ್ಟರು. ಕೊಲೆಗಾರನಿಗೆ ಮುಖವಾಡವೂ ಇಲ್ಲ, ಗುಟ್ಟೂ ಇಲ್ಲ, ಒಂದು ಉದ್ದದ ಡ್ರಿಲ್ ಮಾತ್ರ ಇದೆ. ಅದು ಏನನ್ನು ಅಣಕಿಸುತ್ತಿದೆ ಅಂತ ಬಿಡಿಸಿ ಹೇಳಬೇಕಿಲ್ಲ. ಕೊನೆಯಲ್ಲಿ ಒಬ್ಬಳು ಮಚ್ಚಿನಿಂದ ಆ ಡ್ರಿಲ್ಲಿನ ಮೂತಿಯನ್ನೇ ಕತ್ತರಿಸಿ ಹಾಕಿದಾಗ ಅಕ್ಕ ಚಪ್ಪಾಳೆ ಹೊಡೆದಳು. ಸತ್ತುಬಿದ್ದಿರುವ ಪಿಜ್ಜಾ ಹುಡುಗನ ಪಕ್ಕದಲ್ಲೇ ಕೂತು ಒಬ್ಬಳು ಅವನು ತಂದ ಪಿಜ್ಜಾ ತಿನ್ನುವ ದೃಶ್ಯವಂತೂ ಈ ಐದಾರು ಸಿನಿಮಾಗಳಲ್ಲೇ ಜಾಣತನದ್ದು. ಮುಕ್ಕಾಲು ಪಾಲು ಸಿನಿಮಾಗಳು ಎಳೆಯುವಲ್ಲಿ ಇದು ಒಂದೂಕಾಲು ಗಂಟೆಗೇ ಮುಗಿಯುತ್ತದೆ. ಆದರೂ ನಮ್ಮ ರೂಮಿನಲ್ಲಿ ಗಲಾಟೆ ಕಡಿಮೆ. ಚೆನ್ನಾಗಿದೆ ಅಂತ ತಲೆಯಾಡಿಸಿದರು, ಅಷ್ಟೆ.

ಈಗ ನನ್ನ ಮುದ್ದಿನ ಸಿನಿಮಾಕ್ಕೆ ಬರುತ್ತೇನೆ. 'ಪೀಸಸ್', 1982. ನಿರ್ದೇಶಕ ಸ್ಪೇನ್‌ನ ಹುವಾನ್ ಪಿಕೇರ್ ಸಿಮೋನ್. ಕಥೆ ಅಮೆರಿಕದ ಬಾಸ್ಟನ್‌ನಲ್ಲಿ, ಶೂಟಿಂಗ್ ಬಹುಪಾಲು ಸ್ಪೇನ್‌ನಲ್ಲಿ. ಅಮೆರಿಕದ ಕಾಲೇಜು ಹೇಗಿರುತ್ತದೆ ಅಂತ ಯಾರೋ ಫೋನಿನಲ್ಲಿ ವಿವರಿಸಿದ್ದನ್ನು ಕೇಳಿ ತೆಗೆದಂತಿದೆ. ಶುರುವಾಗೋದು 1942ರಲ್ಲಿ, ಆದರೆ ಆ ಮನೆಯಲ್ಲಿ ಗುಂಡಿ ಒತ್ತುವ ಫೋನ್ ಇದೆ! ಅಂಥ ಫೋನು ಬರೋಕೆ ಇನ್ನೂ ಇಪ್ಪತ್ತು ವರ್ಷ ಬೇಕಿತ್ತು. ಆಮೇಲೆ ಕೊಲೆಗಾರ ಮರ ಕೊಯ್ಯುವ ಮೋಟರ್ ಗರಗಸ ಹಿಡಿದು ಕ್ಯಾಂಪಸ್ ತುಂಬ ಓಡಾಡುತ್ತಾನೆ. ಯಾರಿಗೂ ಸದ್ದು ಕೇಳಲ್ಲ. ಒಂದು ಕಡೆ ಹುಡುಗಿಯ ಜೊತೆ ಲಿಫ್ಟ್ ಹತ್ತುತ್ತಾನೆ, ಗರಗಸವನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು. ಅವಳಿಗೆ ಕಾಣಲ್ಲ. ಆ ಹೊತ್ತಿಗೆ ನಮ್ಮ ಮಂಡ್ಯದ ಗೆಳೆಯ ಎದ್ದು ನಿಂತಿದ್ದ. "ಬೆನ್ನಿಂದೆ ಏನೈತೆ ನೋಡಮ್ಮೀ! ಅಷ್ಟುದ್ದ ಗರಗಸ ಕಾಣಕಿಲ್ವಾ ನಿಂಗೆ?" ಕೆಳಗಿನ ಮನೆಯವರು ಫೋನ್ ಮಾಡಿ ಎಲ್ಲ ಸರಿ ಇದೆಯಾ ಅಂತ ಕೇಳಿದರು.

ಅಷ್ಟೇ ಅಲ್ಲ. ರಾತ್ರಿ ಒಬ್ಬಳೇ ನಡೆದು ಹೋಗುತ್ತಿರುವ ಗುಪ್ತ ಪೊಲೀಸ್ ಹೆಂಗಸಿನ ಮೇಲೆ ಇದ್ದಕ್ಕಿದ್ದ ಹಾಗೆ ಒಬ್ಬ ಕುಂಗ್ ಫು ಮೇಷ್ಟರು ಹಾರಿ ಬೀಳುತ್ತಾನೆ, ಏಟು ತಿಂದು ಮಲಗುತ್ತಾನೆ, ಎದ್ದು ತಿಂದದ್ದೇನೋ ಸರಿಹೋಗಿಲ್ಲ ಅನ್ನೋ ಥರ ಒಂದು ಸಬೂಬು ಹೇಳಿ ಹೊರಟುಹೋಗುತ್ತಾನೆ. ಮತ್ತೆ ಬರೋದೇ ಇಲ್ಲ. ಕಥೆಗೂ ಅವನಿಗೂ ಸಂಬಂಧವೂ ಇಲ್ಲ. ಆದರೆ ನೋಡಿ, ಇಡೀ ಸಿನಿಮಾದಲ್ಲಿ ಒಬ್ಬರೂ ನಮ್ಮ ಕಡೆ ನೋಡಿ ಕಣ್ಣು ಹೊಡೆಯಲ್ಲ. ಎಲ್ಲರೂ ಪ್ರಾಮಾಣಿಕವಾಗಿ ಒಂದು ಭಯಾನಕ ಸಿನಿಮಾ ಮಾಡುತ್ತಿದ್ದೇವೆ ಅಂತಲೇ ನಂಬಿದ್ದಾರೆ. ಈಗ ಬರುವ ಬೇಕಂತಲೇ ಕೆಟ್ಟದಾಗಿ ಮಾಡಿದ ಸಿನಿಮಾಗಳಲ್ಲಿ ಇದೇ ಇಲ್ಲ. ನಗಿಸೋಕೆ ಹೊರಟವನು ಎಡವಿದರೆ ಬೇಜಾರು, ಹೆದರಿಸೋಕೆ ಹೊರಟವನು ಎಡವಿದರೆ ಹಬ್ಬ.

'ಸೈಲೆಂಟ್ ನೈಟ್, ಡೆಡ್ಲಿ ನೈಟ್' ಎರಡನೇ ಭಾಗ, 1987, ಬೇಗ ಮುಗಿಸುತ್ತೇನೆ. ಅರ್ಧ ಸಿನಿಮಾ ಹತ್ತಿರ ಮೊದಲ ಭಾಗದ ತುಣುಕುಗಳನ್ನೇ ಮತ್ತೆ ತೋರಿಸುತ್ತಾರೆ. ಅದಾದ ಮೇಲೆ ನಾಯಕನ ಹುಬ್ಬುಗಳು ಮಾಡುವ ನಟನೆಗೆ ಬೇರೆ ಪ್ರಶಸ್ತಿ ಕೊಡಬೇಕು. ಕಸದ ಡಬ್ಬ ಹೊರಗಿಡಲು ಬಂದ ಪಾಪದ ಮನುಷ್ಯನನ್ನು ಅವನು ಕೂಗಿ ಕೊಲ್ಲುವ ತುಣುಕನ್ನು ಮೊಬೈಲಿನಲ್ಲಿ ನೋಡಿಕೊಳ್ಳಿ, ಸಾಕು.

ಗೆಳೆಯನ ಪ್ರಕಾರ ಇವೆಲ್ಲಕ್ಕಿಂತ ಹಿಂದಿಯಲ್ಲಿ ದೆವ್ವದ ಸಿನಿಮಾ ತೆಗೆಯುತ್ತಿದ್ದ ರಾಮ್ಸೇ ಸಹೋದರರೇ ವಾಸಿ. ಅವನ ಹಟಕ್ಕೆ 'ಪುರಾನಾ ಮಂದಿರ್', 1984, ಹಾಕಿದೆವು. ಇದು ಸ್ಲ್ಯಾಷರ್ ಅಲ್ಲ, ರಾಕ್ಷಸನ ಕಥೆ, ಆದರೆ ಬಡ ಬಜೆಟ್ಟಿನ ಧೈರ್ಯದಲ್ಲಿ ಯಾರಿಗೂ ಕಡಿಮೆಯಿಲ್ಲ. ಏಳು ಜನ ಅಣ್ಣತಮ್ಮಂದಿರು ನಿರ್ದೇಶನ, ಕ್ಯಾಮೆರಾ, ಶಬ್ದ, ಎಡಿಟಿಂಗ್ ಎಲ್ಲ ಮನೆಯೊಳಗೇ ಹಂಚಿಕೊಂಡು ಸಿನಿಮಾ ಮಾಡುತ್ತಿದ್ದರು. ರಾಕ್ಷಸ ಸಾಮ್ರಿಯಾಗಿ ಅನಿರುದ್ಧ್ ಅಗರ್‌ವಾಲ್ ನಿಂತರೆ ಮೇಕಪ್ ಅರ್ಧ ಉಳಿತಾಯ, ಆ ಎತ್ತರ, ಆ ಮುಖ! ಆದರೆ ಹಾಡು, ಜಗದೀಪ್ ಹಾಸ್ಯ, ಪ್ರೇಮ ಎಲ್ಲ ಸೇರಿ ಎರಡು ಗಂಟೆ ದಾಟುತ್ತದೆ. ಹಾಸ್ಯದ ಭಾಗ ಬಂದಾಗಲೆಲ್ಲ ನಮ್ಮಲ್ಲಿ ಯಾರೋ ಒಬ್ಬರು ನೀರು ಕುಡಿಯೋಕೆ ಎದ್ದರು. ಅಮೆರಿಕದವರ ಕೊಲೆಗಾರನಿಗೆ ಹಾಡು ಮುಗಿಯುವವರೆಗೆ ಕಾಯುವ ತಾಪತ್ರಯ ಇಲ್ಲ.

ನಾಚಿಕೆಯ ಮಾತು ಎತ್ತಿದ್ದೆನಲ್ಲ, ಅದು ಸುಮ್ನೆ ಹೇಳಿದ್ದಲ್ಲ. ಈ ಸಿನಿಮಾಗಳಲ್ಲಿ ಹೆಂಗಸರನ್ನು ಕೊಲ್ಲುವಾಗ ಕ್ಯಾಮೆರಾ ನಿಂತು ನೋಡುತ್ತದೆ, ಗಂಡಸರನ್ನು ಕೊಲ್ಲುವಾಗ ಬೇಗ ಮುಗಿಸುತ್ತದೆ. ನನ್ನ ಮುದ್ದಿನ 'ಪೀಸಸ್' ಇದರಲ್ಲಿ ಎಲ್ಲಕ್ಕಿಂತ ಕೆಟ್ಟದ್ದು, ಸ್ನಾನದ ಮನೆಯ ಹತ್ತಿರದ ಒಂದು ಕೊಲೆಯನ್ನು ನಾನು ಓಡಿಸಿಯೇ ನೋಡುತ್ತೇನೆ. ಹೆಂಗಸರೇ ಮಾಡಿದ 'ಸ್ಲಂಬರ್ ಪಾರ್ಟಿ'ಯಲ್ಲೂ ಶುರುವಿನಲ್ಲೇ ಸ್ನಾನದ ದೃಶ್ಯ ಇದೆ. ನಿರ್ಮಿಸಿ ಹಂಚುವವರಿಗೆ ಅದು ಬೇಕೇ ಬೇಕಿತ್ತು. ಅಕ್ಕನಿಗೆ ಇದರ ಬಗ್ಗೆ ಸಿಟ್ಟಿದೆ, ಆದರೂ ಶನಿವಾರ ಬರುತ್ತಾಳೆ.

ಒಬ್ಬರೇ ಇದ್ದರೆ 'ಸ್ಲೀಪವೇ ಕ್ಯಾಂಪ್'. ಈ ಥರ ಸಿನಿಮಾ ಅಂದರೆ ಮೂಗು ಮುರಿಯುವವರನ್ನು ಒಲಿಸಬೇಕಾದರೆ 'ಸ್ಲಂಬರ್ ಪಾರ್ಟಿ'. ಕುಶಲಕೆಲಸ ನೋಡುವ ಆಸಕ್ತಿ ಇದ್ದು ತಾಳ್ಮೆಯೂ ಇದ್ದರೆ 'ಫ್ರೈಡೇ', ಹಾವಿನ ಜಾಗ ಓಡಿಸಿಬಿಡಿ. ಐದಾರು ಜನ, ಅದರಲ್ಲಿ ಒಬ್ಬ ಮಂಡ್ಯದವನು ಇದ್ದರೆ ಬೇರೆ ಮಾತೇ ಇಲ್ಲ, 'ಪೀಸಸ್' ಹಾಕಿ. ಅಪ್ಪ ಅಮ್ಮ, ಮಕ್ಕಳು ಮನೆಯಲ್ಲಿದ್ದರೆ ಇವ್ಯಾವುದೂ ಬೇಡ. ಕೆಳಗಿನ ಮನೆಯವರಿಗೆ ಮೊದಲೇ ಒಂದು ಮಾತು ಹೇಳಿಡಿ.